ಆತ್ಮರಕ್ಷಣೆ: ಕಾನೂನು ಮನ್ನಿಸಿದ ಹಕ್ಕು

ಮುಂಜಾನೆ ನಡಿಗೆಗೋ ಓಟಕ್ಕೋ ಹೊರಡುವ ಹೆಣ್ಣುಮಕ್ಕಳಿಗೆ ದೊರೆಯುವ ಉಪದೇಶ ಸಾಮಾನ್ಯವಾಗಿ ಒಂದೇ: ಒಬ್ಬಳೇ ಹೋಗಬೇಡ. ಮೇಲೆ ಬಿದ್ದವನಿಗೆ ತಿರುಗಿ ಹೊಡೆದರೆ ತನ್ನ ಮೇಲೆಯೇ ಮೊಕದ್ದಮೆ ಬಂದೀತೆಂಬ ಅಂಜಿಕೆಯೂ ಅನೇಕರಲ್ಲಿದೆ. ಕಾನೂನು ಹೇಳುವುದು ಬೇರೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ನೆಯ ಕಲಮಿನಂತೆ ಆತ್ಮರಕ್ಷಣೆಯ ಹಕ್ಕನ್ನು ಚಲಾಯಿಸಿ ಮಾಡಿದ ಕೃತ್ಯ ಅಪರಾಧವಲ್ಲ. 35ನೆಯ ಕಲಂ ಈ ಹಕ್ಕನ್ನು ಇನ್ನೊಬ್ಬರ ದೇಹರಕ್ಷಣೆಗೂ ವಿಸ್ತರಿಸುತ್ತದೆ. ಗೆಳತಿಯ ನೆರವಿಗೆ ಧಾವಿಸಿದವಳಿಗೂ ಅದು ಸಲ್ಲುತ್ತದೆ. ಮೊದಲ ಏಟು ಬೀಳುವವರೆಗೆ ಕಾಯಬೇಕಿಲ್ಲ: ಅಪಾಯದ ಸಕಾರಣ ಭೀತಿ ಹುಟ್ಟಿದೊಡನೆ ಹಕ್ಕು ಆರಂಭವಾಗುತ್ತದೆ, ಭೀತಿ ಇರುವವರೆಗೂ ಉಳಿಯುತ್ತದೆ ಎನ್ನುತ್ತದೆ 40ನೆಯ ಕಲಂ. ಅತ್ಯಾಚಾರ, ಅಪಹರಣದ ಉದ್ದೇಶದ ಹಲ್ಲೆ ಅಥವಾ ಆಸಿಡ್ ದಾಳಿಯಾದರೆ, 38ನೆಯ ಕಲಮಿನಂತೆ ಈ ಹಕ್ಕು ಆಕ್ರಮಣಕಾರನ ಸಾವಿನವರೆಗೂ ವ್ಯಾಪಿಸಬಹುದು.

ಹಕ್ಕಿಗೆ ಮಿತಿಯೂ ಉಂಟು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಸಲ್ಲದು. ಪೊಲೀಸರ ಮೊರೆಹೋಗಲು ಸಮಯವಿದ್ದಾಗ ಈ ಹಕ್ಕು ಇಲ್ಲವೆಂದು 37ನೆಯ ಕಲಂ ವಿಧಿಸುತ್ತದೆ. ಓಡಿಹೋಗುತ್ತಿರುವವನನ್ನು ಅಟ್ಟಿ ಹೊಡೆಯುವುದು ರಕ್ಷಣೆಯಲ್ಲ, ಪ್ರತೀಕಾರ. ಆದುದರಿಂದ ಕೂಗು, ಮೊಣಕೈಯ ಏಟು, ಹಿಡಿತ ಬಿಡಿಸಿಕೊಳ್ಳುವ ಅಭ್ಯಾಸ ಎಲ್ಲದರ ಗುರಿ ಒಂದೇ: ಪಾರಾಗುವುದು, ಕೂಡಲೇ 112ಕ್ಕೆ ಕರೆಮಾಡುವುದು.

ಗಡಿನಾಡಿನವರು ತಿಳಿಯಬೇಕಾದ ಮಾತು ಇನ್ನೊಂದು. ತಲಪಾಡಿಯ ಆಚೆ ನಡೆದ ಹಲ್ಲೆಗೆ ಈಚೆಯ ಠಾಣೆಯಲ್ಲಿಯೂ ದೂರು ನೀಡಬಹುದು; ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಅದಕ್ಕೆ ಅವಕಾಶವಿತ್ತಿದೆ. ಹೆಣ್ಣು ಮನೆಯಲ್ಲಿ ಉಳಿಯಬೇಕೆಂದು ಯಾವ ಕಲಮೂ ಹೇಳುವುದಿಲ್ಲ.