ಆ ಕಪ್ಪು ಹೊಗೆ ಶಕ್ತಿಯಲ್ಲ

ಟೆಕ್ಸಾಸ್‌ನಿಂದ ಬರೆದಿರುವ ತಾಯಿಯವರಿಗೆ,

ನಿಮ್ಮ ಮಗನ ಡೀಸೆಲ್ ಪಿಕಪ್ ಹುಚ್ಚಿಗೆ ನಾನು ಅಡ್ಡ ಮಾತಾಡಲಾರೆ. ಆ ಎಂಜಿನ್‌ಗಳ ಎಳೆಯುವ ತಾಕತ್ತು ಯಾರನ್ನಾದರೂ ಸೆಳೆಯುವಂಥದ್ದೇ. ಆದರೆ ಸೈಕಲ್ ಸವಾರರ ಮೇಲೆ, ಹಿಂದಿನ ಕಾರಿನ ಮೇಲೆ ಬೇಕೆಂದೇ ಹೊಗೆ ಉಗುಳುವ 'ರೋಲಿಂಗ್ ಕೋಲ್' ಆಟವನ್ನು ಒಪ್ಪಲಾಗದು.

ಅವನಿಗೆ ಮೊದಲು ಎಂಜಿನ್ ಲೆಕ್ಕದಲ್ಲೇ ಹೇಳಿ. ಇರುವ ಗಾಳಿಗೆ ಮೀರಿ ಡೀಸೆಲ್ ಸುರಿದರೆ ಅದು ಪೂರ್ತಿ ಉರಿಯದೆ ಮಸಿಯಾಗಿ ಹೊರಬರುತ್ತದೆ. ಅದು ದುಡ್ಡು ಕೊಟ್ಟು ಕೊಂಡು ಪೋಲು ಮಾಡಿದ ಇಂಧನ. ಬಿಸಿ ಏರಿ ಟರ್ಬೊಗೂ ಪಿಸ್ಟನ್‌ಗೂ ಪೆಟ್ಟು. ಸರಿಯಾಗಿ ಟ್ಯೂನ್ ಮಾಡಿದ ಗಾಡಿ ಭಾರ ಎಳೆಯುವಾಗಲೂ ಹೀಗೆ ಹೊಗೆ ಕಾರುವುದಿಲ್ಲ. ಈ ಹವ್ಯಾಸದಲ್ಲಿ ಪಳಗಿದವರು ಮೆಚ್ಚಬೇಕಾದದ್ದು ಅದನ್ನೇ. ಇನ್ನು ಭಾರ ಎಳೆಯುವ ಸ್ಪರ್ಧೆಯ ಅಂಗಳದಲ್ಲಿ ಹೊಗೆ ಎದ್ದರೆ, ನೋಡಲು ಬಂದವರು ಒಪ್ಪಿಯೇ ಬಂದಿರುತ್ತಾರೆ.

ರಸ್ತೆಯಲ್ಲಿ ಯಾರೂ ಒಪ್ಪಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿದೆ. 2021ರ ಸೆಪ್ಟೆಂಬರ್‌ನಲ್ಲಿ ನಿಮ್ಮ ರಾಜ್ಯದ ವಾಲರ್ ಬಳಿ 16 ವರ್ಷದ ಹುಡುಗನ ಪಿಕಪ್ 6 ಸೈಕಲ್ ಸವಾರರಿಗೆ ಗುದ್ದಿತು. ಅದಕ್ಕೆ ಮುಂಚೆ ಅವನು ಹೊಗೆ ಬಿಡುತ್ತಿದ್ದನೆಂದು ಜೊತೆಗಿದ್ದ ಸವಾರರು ಹೇಳಿದರು. ಈ ಸುದ್ದಿಯನ್ನು ನಿಮ್ಮ ಮಗನ ಮುಂದೆ ಕೂತು ಓದಿ.

ಈ ಆಟಕ್ಕೆಂದು ಗಾಡಿಯ ಹೊಗೆ ಸೋಸುವ ಫಿಲ್ಟರ್ ಕಿತ್ತುಹಾಕುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಗೆ ವಿರುದ್ಧ. ಮಗ ಅದನ್ನು ಕಿತ್ತಿಸಿದ್ದರೆ, ಮತ್ತೆ ಹಾಕಿಸುವ ತನಕ ಗಾಡಿಯ ಕೀ ನಿಮ್ಮ ಬಳಿಯೇ ಇರಲಿ.