ಸೆರೆಮನೆಯಿಂದ ನ್ಯಾಯಾಲಯಕ್ಕೆ: ವಕೀಲನಿಲ್ಲದ ವಾದಿ

ಸೆರೆಯಾಳು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿರುತ್ತಾನೆ, ನಿಜ. ಅದರೊಡನೆ ಅವನ ಎಲ್ಲ ಹಕ್ಕುಗಳೂ ಹೋದುವೇ? ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತುದು ಬಹುಮಟ್ಟಿಗೆ ಸೆರೆಯಾಳುಗಳೇ ಬರೆದ ಅರ್ಜಿಗಳಿಂದ ಎಂಬುದು ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ದಕ್ಷಿಣದ ಕಪ್ಪುಜನರ ಮೇಲೆ ಕೂ ಕ್ಲಕ್ಸ್ ಕ್ಲ್ಯಾನ್ ನಡೆಸುತ್ತಿದ್ದ ಹಿಂಸೆಯನ್ನು ತಡೆಯಲು ಅಲ್ಲಿ 1871ರಲ್ಲಿ ಒಂದು ಶಾಸನವಾಯಿತು. ರಾಜ್ಯಾಧಿಕಾರವನ್ನು ಬಳಸಿ ಸಂವಿಧಾನದತ್ತ ಹಕ್ಕನ್ನು ಕಸಿದವನ ಮೇಲೆ ದಾವೆ ಹೂಡಬಹುದೆಂದು ಅದು ವಿಧಿಸಿತು. ಸೆರೆಯಾಳಿಗೂ ಆ ಬಾಗಿಲು ತೆರೆದಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದುದು 1964ರಲ್ಲಿ. ಇಲಿನಾಯ್ ರಾಜ್ಯದ ಬಂದಿ ಥಾಮಸ್ ಕೂಪರನು ತನಗೆ ಧಾರ್ಮಿಕ ಪುಸ್ತಕಗಳನ್ನು ನಿರಾಕರಿಸಲಾಗಿದೆಯೆಂದು ದೂರಿದಾಗ.

ಬಾಗಿಲೇನೋ ತೆರೆಯಿತು. ಕಾನೂನಿನ ಭಾಷೆಯನ್ನರಿಯದವನು ಒಳಹೊಗುವುದು ಹೇಗೆ? ಅದೇ ರಾಜ್ಯದ ಫ್ರಾನ್ಸಿಸ್ ಹೇನ್ಸ್ 66 ವರ್ಷದ ವೃದ್ಧ. ಸಹಬಂದಿಯ ತಲೆಗೆ ಸಲಿಕೆಯಿಂದ ಹೊಡೆದನೆಂದು ಅವನಿಗೆ 15 ದಿನ ಏಕಾಂತವಾಸ ವಿಧಿಸಿದರು. ಬರಿಯ ಕಂಬಳಿಗಳೊಡನೆ ನೆಲದ ಮೇಲೆ ಮಲಗಿ, ಮೊದಲೇ ಇದ್ದ ಕಾಲಿನ ನೋವು ಉಲ್ಬಣಿಸಿತೆಂದು ಅವನು ತಾನೇ ಬರೆದುಕೊಂಡನು. ಕೆಳಗಿನ ನ್ಯಾಯಾಲಯಗಳು ಅರ್ಜಿಯನ್ನು ತಳ್ಳಿಹಾಕಿದುವು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಕೀಲನ ಬರಹವನ್ನಳೆಯುವ ಕೋಲಿನಿಂದ ಇಂಥವನ ಅರ್ಜಿಯನ್ನು ಅಳೆಯಲಾಗದೆಂದಿತು. ಹೇನ್ಸ್ ಗೆದ್ದನೆಂದು ಇದರ ಅರ್ಥವಲ್ಲ. ಸಾಕ್ಷ್ಯ ಮಂಡಿಸಲು ಅವಕಾಶ ದೊರೆಯಿತು, ಅಷ್ಟೆ. ನನ್ನೆಣಿಕೆಯಲ್ಲಿ ಅದು ಸಣ್ಣದಲ್ಲ.

ಅಕ್ಷರವೇ ಬಾರದವನ ಪಾಡೇನು? ಬಲ್ಲ ಬಂದಿಗಳು ಅಂಥವರಿಗೆ ಬರೆದುಕೊಡುತ್ತಿದ್ದರು. ಅದನ್ನು ನಿಷೇಧಿಸಿದ್ದ ಟೆನೆಸ್ಸೀ ರಾಜ್ಯದ ನಿಯಮವು, ಬೇರೆ ನೆರವಿನ ವ್ಯವಸ್ಥೆಯಿಲ್ಲದ ಕಾರಣ, 1969ರಲ್ಲಿ ಅಸಿಂಧುವಾಯಿತು. (ನಮ್ಮ ತಿಹಾರ್ ಸೆರೆಮನೆಯ ಸುನೀಲ್ ಬಾತ್ರಾ ಮತ್ತೊಬ್ಬ ಬಂದಿಗಾದ ಹಿಂಸೆಯನ್ನು ಕುರಿತು ಬರೆದ ಪತ್ರವನ್ನೇ ಭಾರತದ ಸರ್ವೋಚ್ಚ ನ್ಯಾಯಾಲಯವು ಅರ್ಜಿಯೆಂದು ಸ್ವೀಕರಿಸಿ, 1979ರಲ್ಲಿ ತೀರ್ಪಿತ್ತುದು ಇಲ್ಲಿ ಸ್ಮರಣೀಯ.)

ದಾವೆಗಳು ಬೆಳೆದಂತೆ ಅವುಗಳಲ್ಲಿ ಹುರುಳಿಲ್ಲವೆಂಬ ಆಕ್ಷೇಪವೂ ಬೆಳೆಯಿತು. ಕ್ಷುಲ್ಲಕವಾದವು ಇದ್ದುದೂ ದಿಟವೆ. 1996ರ ಶಾಸನವು ಬಾಗಿಲನ್ನು ಕಿರಿದುಗೊಳಿಸಿತು. ಬಡ ಬಂದಿಯೂ ನ್ಯಾಯಾಲಯದ ಶುಲ್ಕವನ್ನು ಕಂತುಗಳಲ್ಲಿ ತೆರಬೇಕು. ಮೊದಲು ಸೆರೆಮನೆಯೊಳಗಿನ ದೂರು ವ್ಯವಸ್ಥೆಯ ಎಲ್ಲ ಮೆಟ್ಟಿಲುಗಳನ್ನೂ ಹತ್ತಿರಬೇಕು. ಈ ಎರಡನೆಯದೇ ಕಠಿನ. ಕ್ಯಾಲಿಫೋರ್ನಿಯದ ಬಂದಿಯೊಬ್ಬನಿಗೆ ದೂರು ಕೊಡಲು 15 ಕೆಲಸದ ದಿನಗಳ ಗಡುವಿತ್ತು. ಅವನು ತಡಮಾಡಿದನು. ಗಡುವು ಮೀರಿದ ದೂರು ದೂರೇ ಅಲ್ಲವೆಂದು 2006ರಲ್ಲಿ ತೀರ್ಪಾಯಿತು. ಇಂಥ ಸಿವಿಲ್ ದಾವೆಗಳಲ್ಲಿ ಸರ್ಕಾರದ ವೆಚ್ಚದಲ್ಲಿ ವಕೀಲನನ್ನು ಪಡೆಯುವ ಹಕ್ಕು ಅಲ್ಲಿಲ್ಲವಾದ ಕಾರಣ, ಆ ಗಡುವನ್ನು ಎಣಿಸಬೇಕಾದವನೂ ಬಂದಿಯೇ.