ಡೋಣಿಯ ನೀರು ಎತ್ತಿದ ವರ್ಷ

ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಕೇಳುತ್ತಲೇ ಬೆಳೆದವನು ನಾನು. ‘ಹರಿದರೆ’ ಎನ್ನುತ್ತದೆ ಗಾದೆ, ‘ಎತ್ತಿದರೆ’ ಎನ್ನುವುದಿಲ್ಲ. ಇಷ್ಟು ತಿಳಿಯಲು ಎರಡು ಎಕರೆ ಎರಿ ಹೊಲ ಕೆಡಿಸಿಕೊಂಡೆ.

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆ ಹಾಯ್ದು ಕೃಷ್ಣೆ ಸೇರುವ ಡೋಣಿ ಮಳೆಗಾಲದ ಹೊಳೆ. ಪಾತ್ರದಲ್ಲಿ ಹೂಳು, ದಂಡೆಯಲ್ಲಿ ಬಳ್ಳಾರಿ ಜಾಲಿ. ಜೋರು ಮಳೆಯಾದರೆ ಹೊಳೆ ಹೊಲಕ್ಕೇ ಬರುತ್ತದೆ. ಆಮೇಲೆ ಉಳಿಯುವುದು ಅಲ್ಲೊಂದು ಇಲ್ಲೊಂದು ಮಡು.

ಆ ವರ್ಷ ಹಸ್ತ, ಚಿತ್ತಿ ಎರಡೂ ಮಳೆ ಕೈಕೊಟ್ಟವು. ಮೊಣಕಾಲೆತ್ತರದ ಮಾಲದಂಡಿ ಜೋಳ ಬಾಡತೊಡಗಿತು. ಹೊಲದ ಕೆಳಗೇ ಮಡು ಇತ್ತು. ಬಾಡಿಗೆಗೆ ಡೀಸೆಲ್ ಎಂಜಿನ್ ತಂದು ಪೈಪು ಎಳೆದೆ. ಮಗ್ಗುಲ ಹೊಲದ ಕಾಕಾ ಓಡಿ ಬಂದರು.

‘ತಮ್ಮಾ, ದನಾ ಮೂಸಿ ನೋಡಿ ಹೊಳ್ಳಿ ಬರ್ತಾವು. ಅಂಥಾ ಸವಳ ನೀರ ಬೆಳಿಗೆ ಬಿಡ್ತೀಯೇನು?’

‘ಬೆಳಿ ಒಣಗಾಕತ್ತೈತ್ರೀ ಕಾಕಾ, ಮತ್ತೇನ ಮಾಡ್ಲಿ?’

‘ಒಣಗಿದ್ರ ಒಂದ ವರ್ಷದ ಬೆಳಿ ಹೋಗ್ತೈತಿ, ಅಷ್ಟ.’

ನಾನು ಎಂಜಿನ್ ನಿಲ್ಲಿಸಲಿಲ್ಲ.

ಕೆಲವೇ ದಿನಗಳಲ್ಲಿ ಎಲೆಯ ಅಂಚು ಸುಟ್ಟಿತು. ಬೇಸಿಗೆಗೆ ನೆಲದ ಮೇಲೆ ಬಿಳಿ ಹೊಪ್ಪಳೆ. ಮರುವರ್ಷದ ಮಳೆ ಇಂಗಲೇ ಇಲ್ಲ, ಹೊಲದಲ್ಲಿ ಕೆರೆಯಂತೆ ನಿಂತಿತು. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಕಾರಣ ತಿಳಿಯಿತು. ನೀರಿನ ಸೋಡಿಯಂ ಎರಿ ಮಣ್ಣಿನ ಹೆಂಟೆಗಳನ್ನು ಒಡೆದು ಕೆಸರಾಗಿಸಿ, ಸಂದುಗಳನ್ನೆಲ್ಲ ಮುಚ್ಚಿತ್ತು. ಎರಿ ಹೊಲದ ಜೀವ ಇರುವುದೇ ಆ ಸಂದುಗಳಲ್ಲಿ. ಮುಂಗಾರಿಯಲ್ಲಿ ಖಾಲಿ ಬಿಟ್ಟ ನೆಲ ಬಿರುಕಿನಿಂದ ನೀರು ಕುಡಿದಿಟ್ಟುಕೊಂಡು, ಆ ಹಸಿಯಲ್ಲೇ ಹಿಂಗಾರಿ ಜೋಳವನ್ನು ಕೊಯ್ಲಿನವರೆಗೆ ಸಾಕುತ್ತದೆ. ಪ್ರವಾಹದಲ್ಲಿ ಮಳೆನೀರು ಬೆರೆತು ಉಪ್ಪು ತೆಳುವಾಗಿರುತ್ತದೆ; ಮಡುವಿನಲ್ಲಿ ನೀರು ಆರಿದಷ್ಟೂ ಉಪ್ಪು ಗಟ್ಟಿ. ನಾನು ಎತ್ತಿದ್ದು ಆ ಗಟ್ಟಿ ನೀರನ್ನು.

ರಿಪೇರಿಗೆ ಅವಸರ ನಡೆಯಲಿಲ್ಲ. ಜಿಪ್ಸಂ ಹಾಕಿ ಹರಗಿದೆ; ಅದರ ಸುಣ್ಣದಂಶ ಸೋಡಿಯಂ ಅನ್ನು ಬಿಡಿಸುತ್ತದೆ, ಮಳೆ ಅದನ್ನು ತೊಳೆಯಬೇಕು. ತೊಳೆದದ್ದು ಹೊರಗೆ ಹೋಗಲೆಂದು ಬಸಿಗಾಲುವೆ ತೋಡಿಸಿದೆ. ಸೆಣಬು ಬಿತ್ತಿ ಹೂವಿಗೆ ಬಂದಾಗ ಮಣ್ಣಿಗೆ ಸೇರಿಸಿದೆ. ಹೀಗೆ ಮೂರು ಮಳೆಗಾಲ ಕಳೆದವು.

ಈ ಸಲ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಆ ತುಂಡಿನಲ್ಲಿ, ಜೋಳದ ಸಾಲಿನ ನಡುವೆ, ಸಣ್ಣ ಬಿರುಕೊಂದು ಕಂಡಿತು. ಕಾಕಾ ಕೂತು ಅದರೊಳಗೆ ಜೋಳದ ದಂಟು ಇಳಿಬಿಟ್ಟರು. ಗೇಣಿನಷ್ಟು ಇಳಿಯಿತು. ಎತ್ತಿ ನೋಡಿದರೆ ತುದಿಗೆ ಹಸಿ ಮಣ್ಣು ಹತ್ತಿತ್ತು.